ಜೌಗಿನಲ್ಲಿ ಮೊದಲೇ ಕೆಂಪಾದ ಮರ

ಸೆಪ್ಟೆಂಬರ್ ಕೊನೆ. ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. "ಎಲೆ ಬಣ್ಣ ನೋಡೋಕೆ ಇನ್ನೂ ಮೂರು ವಾರ ಕಾಯ್ಬೇಕಪ್ಪ" ಅಂದವಳು, ಭಾನುವಾರ ಸುಮ್ನೆ ಅಡ್ಡಾಡಲು ಗ್ರೇಟ್ ಸ್ವಾಂಪ್ ಎಂಬ ಜೌಗಿಗೆ ಕರೆದುಕೊಂಡು ಹೋದಳು. ನೋಡಿದರೆ ಅಲ್ಲಿನ ಮರಗಳು ಆಗಲೇ ಕೆಂಪು!

1959ರಲ್ಲಿ ಈ ಜೌಗಿನ ಮೇಲೆ ವಿಮಾನ ನಿಲ್ದಾಣ ಕಟ್ಟಲು ಹೊರಟಿದ್ದರಂತೆ. ಸುತ್ತಲಿನ ಜನ ದುಡ್ಡು ಕೂಡಿಸಿ, ಜಾಗ ಕೊಂಡು, ಸರ್ಕಾರಕ್ಕೇ ಕೊಟ್ಟುಬಿಟ್ಟರು. 1960ರಲ್ಲಿ ವನ್ಯಜೀವಿ ಧಾಮವಾಯಿತು. ಈಗ ಹಲಗೆ ಹಾಸಿದ ದಾರಿಯಲ್ಲಿ ಕಾಲು ಒದ್ದೆಯಾಗದೆ ನಡೆಯಬಹುದು.

"ಷುಗರ್ ಮೇಪಲ್" ಎಂದೆ, ಗತ್ತಿನಲ್ಲಿ. ನನಗೆ ಗೊತ್ತಿದ್ದದ್ದು ಕೆನಡಾ ಬಾವುಟದ ಎಲೆ ಒಂದೇ. ಮಗಳು ಹಲಗೆ ಮೇಲೆ ಬಿದ್ದಿದ್ದ ಎಲೆ ಎತ್ತಿ ಕೈಗಿಟ್ಟಳು. "ಅಂಚು ನೋಡಪ್ಪ."

ಅಂಚಿನುದ್ದಕ್ಕೂ ಸಣ್ಣ ಗರಗಸದ ಹಲ್ಲು. ಷುಗರ್ ಮೇಪಲ್‌ಗೆ ನಾಲ್ಕಾರು ದೊಡ್ಡ ಮೊನೆಗಳಷ್ಟೇ, ನಡುವೆ ಅಂಚು ನುಣುಪು. ಈ ಎಲೆಯ ತೊಟ್ಟು ಕೆಂಪು ದಂಟಿನ ಸೊಪ್ಪಿನ ಹಾಗೆ. ಇದು ರೆಡ್ ಮೇಪಲ್. ಇಲ್ಲಿಯವರ ಬಾಯಲ್ಲಿ ಸ್ವಾಂಪ್ ಮೇಪಲ್.

ಎಲೆಯ ಕೆಳಗೆ ಬೂದುಬಿಳಿ ಕಂಡು ಮತ್ತೆ ಅನುಮಾನ. ಸಿಲ್ವರ್ ಮೇಪಲ್‌ಗೂ ನೀರೆಂದರೆ ಇಷ್ಟ ಅಲ್ವಾ? ಆದರೆ ಅದರ ಎಲೆಯ ಸೀಳು ತುಂಬಾ ಆಳ, ಎಲೆ ಹರಿದುಹೋದಂತೆ ಕಾಣುತ್ತದೆ. ಕಡ್ಡಿ ಮುರಿದರೆ ಕೆಟ್ಟ ವಾಸನೆ ಬೇರೆ. ಧಾಮದಲ್ಲಿ ಮರದಿಂದ ಕೀಳುವ ಹಾಗಿಲ್ಲ. ಗಾಳಿಗೆ ಬಿದ್ದಿದ್ದ ಹಸಿ ಕಡ್ಡಿಯೊಂದನ್ನು ಮುರಿದು ಮೂಸಿದೆ. ಏನೂ ಇಲ್ಲ. ರೆಕ್ಕೆಬೀಜವೂ ಒಂದೂ ಸಿಗಲಿಲ್ಲ. ಷುಗರ್ ಮೇಪಲ್ ಆಗಿದ್ದರೆ ಈ ಹೊತ್ತಿಗೆ ಬೀಜ ಜೋತಾಡಬೇಕಿತ್ತು. ರೆಡ್ ಮೇಪಲ್ ಬೇಸಿಗೆಯ ಮೊದಲಲ್ಲೇ ಉದುರಿಸಿ ಕೈತೊಳೆದುಕೊಳ್ಳುತ್ತದೆ.

ನಮ್ಮ ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಾದರೆ, ಅಂದರೆ ರಾಮಪತ್ರೆ ಮರಗಳ ಜೌಗಿನಲ್ಲಿ, ಬೇರುಗಳೇ ಮಂಡಿ ಮಡಚಿ ಕೆಸರಿಂದ ಮೇಲೇಳುತ್ತವೆ. ಇಲ್ಲಿ ಅಂಥದ್ದೇನಿಲ್ಲ. ಸಣ್ಣ ದಿಬ್ಬ ಹಿಡಿದು ಮೂರ್ನಾಲ್ಕು ಕಾಂಡ ಒಟ್ಟಿಗೆ ನಿಂತಿರುತ್ತವೆ, ಬೇರು ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತದೆ. ನೀರಲ್ಲಿ ನಿಂತ ಬೇರಿಗೆ ಗಾಳಿ ಸಾಲದು. ಅದಕ್ಕೇ ಬಣ್ಣಕ್ಕೆ ಇಷ್ಟು ಅವಸರ.

ಸಂಜೆ ಮನೆ ಮುಂದೆ ಕಾರಿಳಿದಾಗ ಪಕ್ಕದ ಮರದ ಎಲೆ ಹಿಡಿದು ನೋಡಿದೆ. ಇನ್ನೂ ಹಸಿರು. ಕೆಂಪು ತೊಟ್ಟು, ಗರಗಸದ ಅಂಚು.

"ಒಂದು ತಿಂಗಳಿಂದ ಇದರ ಕೆಳಗೇ ಕಾರು ನಿಲ್ಲಿಸ್ತಿದ್ದೀಯಲ್ಲೇ!"

ಈ ಸಲ ಮಗಳು ಎಲೆ ಇಸಿದುಕೊಂಡು ಅಂಚು ನೋಡಿದಳು.