ಓದೋಕೆ ದಾರಿ ಆಯ್ತು, ಬರೆಯೋಕೆ?

‘ನೇಚರ್’ ವಿಜ್ಞಾನ ಪತ್ರಿಕೆ 2021ರಲ್ಲಿ ಓಪನ್ ಆಕ್ಸೆಸ್ (ಓದುಗರಿಗೆ ಪುಕ್ಕಟೆ, ಖರ್ಚು ಲೇಖಕರ ಕಡೆಯಿಂದ) ಶುರು ಮಾಡಿದಾಗ ಒಂದು ಲೇಖನಕ್ಕೆ ಇಟ್ಟ ದರ 9,500 ಯೂರೋ. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲೆ. ನಮ್ಮ ಲ್ಯಾಬಿನ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಹುಡುಗಿಗೆ ಸಿಗೋದು ತಿಂಗಳಿಗೆ 37,000, ಅದರಲ್ಲೇ ಬೆಂಗಳೂರಿನ ಮತ್ತಿಕೆರೆ ಪಿಜಿ ಬಾಡಿಗೆ. “ಎರಡು ವರ್ಷ ಉಪವಾಸ ಇದ್ರೆ ಒಂದು ಪೇಪರ್ ಆಗತ್ತೆ ಸರ್” ಅಂತ ನಕ್ಕಳು.

ದುಡ್ಡು ಕೊಡದೆಯೂ ಪ್ರಕಟಿಸಬಹುದು, ನಿಜ. ಆಗ ಓದುವವರು ಚಂದಾ ಕಟ್ಟಬೇಕು. ತೀರಾ ಬಡ ದೇಶಗಳ ಲೇಖಕರಿಗೆ ಅನೇಕ ಪ್ರಕಾಶಕರು ಶುಲ್ಕ ಮನ್ನಾ ಮಾಡ್ತಾರೆ. ಭಾರತ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರಲ್ಲ. ಮನ್ನಾ ಸಿಗುವಷ್ಟು ಬಡವರಲ್ಲ, ಕಟ್ಟುವಷ್ಟು ಸಾಹುಕಾರರೂ ಅಲ್ಲ. ಮೇಲಾಗಿ ಇಂಥ ಪತ್ರಿಕೆಗಳಿಗೆ ಬೇರೆಯವರ ಪೇಪರ್ ತಿದ್ದಿ ಅಭಿಪ್ರಾಯ ಬರೆದುಕೊಡೋದು ಮಾತ್ರ ನಾವು, ಪುಕ್ಕಟೆ!

ಸಂಶೋಧನಾ ಪತ್ರಿಕೆಗಳ ಚಂದಾ ಸರ್ಕಾರವೇ ಕಟ್ಟುವ ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ. ಸರ್ಕಾರಿ ಕಾಲೇಜಿನ ಮಕ್ಕಳಿಗೂ ಓದೋಕೆ ಸಿಗತ್ತೆ ಅನ್ನೋದು ಸಣ್ಣ ಮಾತಲ್ಲ. ಆದರೆ ಅಷ್ಟು ಹಣ ಹೋಗಿ ಸೇರೋದು ಅದೇ ದೊಡ್ಡ ಪ್ರಕಾಶಕರ ಕೈಗೆ.

ನಮ್ಮೂರಿನಿಂದಲೇ 1932ರಿಂದ ‘ಕರೆಂಟ್ ಸೈನ್ಸ್’ ಅನ್ನೋ ವಿಜ್ಞಾನ ಪತ್ರಿಕೆ ಬರ್ತಿದೆ. ನೇಮಕಾತಿ ಸಮಿತಿ ಮುಂದೆ ಅದರಲ್ಲಿ ಬಂದ ಪೇಪರಿಗೆ ತೂಕ ಎಷ್ಟು ಅಂತ ಮಾತ್ರ ಕೇಳಬೇಡಿ.