ಮಾರುತಿ 800 ಪ್ರಾಜೆಕ್ಟ್, ಬಳ್ಳಾರಿ: ಪೇಂಟಿಗೆ ಮೊದಲು ಚಾಸಿ ನಂಬರ್

ಗಾಡಿ 1997ರದು, ಕೆಎ-34 ನೋಂದಣಿ. ಇಂಜಿನ್ ಇಳಿಸಿಯಾಗಿದೆ, ಮುಂದಿನದು ಬಾನೆಟ್ ಒಳಗಿನ ಪೇಂಟು. ಅದಕ್ಕೂ ಮುಂಚೆ ಚಾಸಿ ನಂಬರ್ (ಗಾಡಿಯ ತಗಡಿನಲ್ಲೇ ಮೂಡಿಸಿದ ಗುರುತಿನ ಸಂಖ್ಯೆ) ಓದಿ, ಅಚ್ಚು ತೆಗೆದು, ಆರ್‌ಸಿ (ನೋಂದಣಿ ಪತ್ರ) ಜೊತೆ ತಾಳೆ ನೋಡಲೇಬೇಕು. ಪುಟ್ಟಿ, ಪ್ರೈಮರ್ ಬಿದ್ದರೆ ಅಕ್ಷರದ ಗೀರು ತುಂಬಿಹೋಗುತ್ತದೆ. 15 ವರ್ಷ ದಾಟಿದ ಕಾರಿನ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಇನ್‌ಸ್ಪೆಕ್ಟರ್ ನೋಡುವುದು ಇದನ್ನೇ.

ಸ್ವಚ್ಛತೆ

ನಂಬರ್ ಇರುವುದು ಇಂಜಿನ್ ಹಿಂದಿನ ಫೈರ್‌ವಾಲ್ ಮೇಲೆ, ಅಂದರೆ ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಮೇಲೆ. ನಮ್ಮ ಊರಿನ ಅದಿರಿನ ಧೂಳು ಇಂಜಿನ್ ಆಯಿಲ್ ಜೊತೆ ಸೇರಿ, ಇಟ್ಟಿಗೆ ಬಣ್ಣದ ಮೇಣದ ಹಾಗೆ ಪ್ರತಿ ಅಂಕಿಯೊಳಗೂ ಗಟ್ಟಿಯಾಗಿ ಕೂತಿತ್ತು. ಸೀಮೆಎಣ್ಣೆ ಸವರಿ 15 ನಿಮಿಷ ನೆನೆಯಲು ಬಿಟ್ಟು, ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿದರೆ ಬಿಡುತ್ತದೆ. ವೈರ್ ಬ್ರಷ್, ಎಮರಿ ಪೇಪರ್, ಗ್ರೈಂಡರ್ ಬೇಡವೇ ಬೇಡ. ಗೀರು ಆಳವಿರುವುದಿಲ್ಲ, ಬೇಗ ಸವೆಯುತ್ತದೆ. ಜೊತೆಗೆ ಉಜ್ಜಿದ ಗುರುತು ಕಂಡರೆ ನಂಬರ್ ತಿದ್ದಿದ್ದಾರೆ ಅನ್ನುವ ಅನುಮಾನ ಬರುತ್ತದೆ.

ಪೆನ್ಸಿಲ್ ಅಚ್ಚು

ತಗಡು ಪೂರ್ತಿ ಒಣಗಿರಬೇಕು. ತೆಳು ಕಾಗದವನ್ನು ಮೇಲಂಚು, ಕೆಳಂಚು ಎರಡೂ ಕಡೆ ಟೇಪಿನಿಂದ ಬಿಗಿದು, 2ಬಿ ಪೆನ್ಸಿಲ್ ಅನ್ನು ಓರೆಯಾಗಿ ಮಲಗಿಸಿ ಒಂದೇ ದಿಕ್ಕಿಗೆ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಕಾಗದ ಸರಿದು 3 ಎಂಬುದು 8ರಂತೆ ಮೂಡುತ್ತದೆ. ಮೂರು ಪ್ರತಿ ತೆಗೆದಿಟ್ಟಿದ್ದೇವೆ. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಎನ್‌ಒಸಿಯ (ನಿರಾಕ್ಷೇಪಣಾ ಪತ್ರ) ಫಾರಂ 28ಕ್ಕೂ ಇದೇ ಅಚ್ಚು ಬೇಕು.

ಓದುವುದು

ಹಲವರು ಎಡವುವುದು ಇಲ್ಲೇ. ಈಗಿನ ಗಾಡಿಗಳ ನಂಬರ್ 17 ಅಕ್ಷರದ್ದು. ಮಾರುತಿಯದು ‘ಎಂಎ3’ ಎಂದು ಶುರುವಾಗುತ್ತದೆ, ಅದರಲ್ಲಿ ಐ, ಒ, ಕ್ಯೂ ಅಕ್ಷರಗಳು ಬರುವುದಿಲ್ಲ. ನಮ್ಮ ಗಾಡಿಯದು ಹಳೇ ಪದ್ಧತಿ: ‘ಎಸ್‌ಬಿ308ಐಎನ್’ ಆದಮೇಲೆ ಅಂಕಿಗಳು. ಇದರಲ್ಲಿ ‘ಐ’ ಇರುವುದು ಸರಿಯೇ. ಆನ್‌ಲೈನ್ ವಿಐಎನ್ (ಚಾಸಿ ನಂಬರಿನ ಇನ್ನೊಂದು ಹೆಸರು) ಚೆಕ್ಕರ್ ಇದನ್ನು ತಪ್ಪು ಅಂದರೆ ಗಾಬರಿಯಾಗಬೇಡಿ. 17 ಅಕ್ಷರದ್ದೂ ಅಲ್ಲಿ ಫೇಲಾಗಬಹುದು: 9ನೇ ಸ್ಥಾನದ ತಪಾಸಣಾ ಅಂಕಿ (ಉಳಿದ ಅಕ್ಷರಗಳು ಸರಿಯೇ ಎಂದು ಲೆಕ್ಕ ಹಾಕಿ ನೋಡುವ ಅಂಕಿ) ಕಡ್ಡಾಯವಿರುವುದು ಉತ್ತರ ಅಮೆರಿಕದ ಗಾಡಿಗಳಿಗೆ, ನಮ್ಮವಕ್ಕಲ್ಲ.

ಟಾರ್ಚನ್ನು ತಗಡಿಗೆ ತಾಗಿಸಿ ಪಕ್ಕದಿಂದ ಬೆಳಕು ಬಿಟ್ಟು ನೋಡಿದೆವು. ಅಂಕಿಗಳ ನಡುವಿನ ಅಂತರ, ಆಳ, ಸಾಲು ಒಂದೇ ಸಮ. ತಗಡು ತಗ್ಗಾಗಿಲ್ಲ, ಸುತ್ತ ವೆಲ್ಡಿಂಗ್ ಗೆರೆಯಿಲ್ಲ. ಹಳೇ ಗಾಡಿ ಕೊಳ್ಳುವವರು ಮೊದಲು ಈ ವೆಲ್ಡಿಂಗ್ ಗೆರೆಯನ್ನೇ ಹುಡುಕಬೇಕು. ಬೇರೆ ಗಾಡಿಯ ತಗಡು ಕತ್ತರಿಸಿ ಕೂರಿಸಿದ್ದರೆ ಅಂಕಿಗಳೆಲ್ಲ ಅಸಲಿಯಾಗಿಯೇ ಕಾಣುತ್ತವೆ.

ಇಂಜಿನ್ ಬ್ಲಾಕ್ ಮೇಲಿನ ಇಂಜಿನ್ ನಂಬರ್ ‘ಎಫ್8ಬಿಐಎನ್’ ಸರಣಿಯದು, ಆರ್‌ಸಿಗೆ ಹೊಂದಿತು. ಬ್ಲಾಕ್ ಬದಲಾದ ಗಾಡಿಯಾದರೆ ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿರಬೇಕು.

ಪರಿವಾಹನ್ ಸೈಟಿನಲ್ಲಿ (ಸರ್ಕಾರದ ವಾಹನ ಸೇವೆಗಳ ಜಾಲತಾಣ) ಕೇಳುವ ಚಾಸಿ ನಂಬರಿನ ಕೊನೆಯ 5 ಅಂಕಿಗಳೂ ಸರಿಬಂದವು. ಇಷ್ಟಕ್ಕೇ ನಿಲ್ಲಿಸಬೇಡಿ, ನಂಬರಿನ ಶುರುವಿನ ಭಾಗದ ತಪ್ಪು ಇದರಲ್ಲಿ ಸಿಗದು; ಹಳೇ ಪುಸ್ತಕದ ಆರ್‌ಸಿಯಿಂದ ಕಂಪ್ಯೂಟರಿಗೆ ಟೈಪ್ ಮಾಡುವಾಗ ‘ಬಿ’ ಹೋಗಿ 8 ಆಗಿರಬಹುದು. ಹಾಗಾಗಿದ್ದರೆ ಅಚ್ಚಿನ ಪ್ರತಿ ಇಟ್ಟು ಆರ್‌ಟಿಒದಲ್ಲಿ ತಿದ್ದಿಸಿ. ತಗಡಿನ ಮೇಲೆ ಸ್ವತಃ ಪಂಚ್ ಹೊಡೆಯುವುದು ಅಪರಾಧ.

ಬಾಕಿ: ನಂಬರನ್ನೂ ಅದರ ಸುತ್ತ ಒಂದಿಂಚನ್ನೂ ಮುಚ್ಚುವಂತೆ ಮಾಸ್ಕಿಂಗ್ ಟೇಪ್, ಪೇಂಟ್ ಒಣಗಿದ ಮೇಲೆ ಅಂಕಿಗಳ ಮೇಲೆ ತೆಳ್ಳಗೆ ಒಂದೇ ಕೋಟ್ ಕ್ಲಿಯರ್ ಲ್ಯಾಕರ್.