'ಲಕ್ಸ್ ಎಟರ್ನಾ' ಸಿನಿಮಾನ ಮನೇಲೇ ನೋಡಿ ಅಂತೀನಿ, ಯಾಕೆ ಅಂದ್ರೆ

ಫ್ರಾನ್ಸಿನ ಡೈರೆಕ್ಟರ್ ಗಾಸ್ಪರ್ ನೋಯೆ ಸಿನಿಮಾ ಅಂದ್ರೆ ಥಿಯೇಟರಲ್ಲೇ ನೋಡ್ಬೇಕು, ಕತ್ತಲಲ್ಲಿ ದೊಡ್ಡ ಪರದೆ ಮುಂದೆ ಎದ್ದು ಹೋಗೋಕೂ ಆಗದೆ ಕೂತಿರ್ಬೇಕು ಅಂತ ಎಲ್ರೂ ಹೇಳ್ತಾರೆ. 'ಲಕ್ಸ್ ಎಟರ್ನಾ' ಮೊದಲು ತೋರಿಸಿದ್ದೂ ಹಾಗೇನೇ, 2019ರ ಕಾನ್ ಫಿಲ್ಮ್ ಫೆಸ್ಟಿವಲ್ಲಲ್ಲಿ ಮಧ್ಯರಾತ್ರಿ ಶೋ. ಫ್ರಾನ್ಸಿನ ಥಿಯೇಟರಿಗೆ ಬಂದಿದ್ದು 2020ರಲ್ಲಿ, ಅಮೆರಿಕಕ್ಕೆ ಬರೋಷ್ಟರಲ್ಲಿ 2022. ಆಮೇಲೆ ಬ್ಲೂರೇ ಡಿಸ್ಕ್ ಬಂತು. ನನಗಂತೂ ಈ ಒಂದು ಸಿನಿಮಾ ಮನೇಲಿ ರಿಮೋಟ್ ಕೈಯಲ್ಲಿ ಹಿಡ್ಕೊಂಡು ನೋಡಿದಾಗ್ಲೇ ಪೂರ್ತಿ ಸಿಕ್ಕಿದ್ದು.

ಬರೀ 51 ನಿಮಿಷದ ಸಿನಿಮಾ. ಸ್ಯಾನ್ ಲೊರಾನ್ ಅನ್ನೋ ಫ್ಯಾಷನ್ ಕಂಪನಿ ದುಡ್ಡು ಹಾಕಿ ಮಾಡಿಸಿದ್ದು, ಐದೇ ದಿನದಲ್ಲಿ ಶೂಟಿಂಗ್ ಮುಗಿಸಿದ್ದಾರೆ, ಮಾತೆಲ್ಲ ಹೆಚ್ಚಾಗಿ ಸೆಟ್ಟಲ್ಲೇ ಹುಟ್ಟಿದ್ದು. ಕಥೆ ಇಷ್ಟೇ: ನಟಿ ಬಿಯಾಟ್ರಿಸ್ ಡಾಲ್ ಇದರಲ್ಲಿ ಒಬ್ಬ ಡೈರೆಕ್ಟರ್, ಮಾಟಗಾತಿಯರನ್ನ ಸುಡೋ ಕಥೆಯ ಸಿನಿಮಾ ಮಾಡ್ತಿದಾಳೆ, ಶಾರ್ಲೆಟ್ ಗೇನ್ಸ್‌ಬೂರ್ ಅದರ ಹೀರೋಯಿನ್. ಪಾತ್ರಗಳಿಗೆ ಬೇರೆ ಹೆಸರೇ ಇಟ್ಟಿಲ್ಲ, ಬಿಯಾಟ್ರಿಸ್ ಬಿಯಾಟ್ರಿಸ್ಸೇ, ಶಾರ್ಲೆಟ್ ಶಾರ್ಲೆಟ್ಟೇ. ಸೆಟ್ಟಲ್ಲಿ ಯಾರ ಮಾತು ಯಾರೂ ಕೇಳಲ್ಲ. ಪ್ರೊಡ್ಯೂಸರಿಗೆ ಬಿಯಾಟ್ರಿಸ್ಸನ್ನ ತೆಗೆದುಹಾಕ್ಬೇಕು, ಅದಕ್ಕೊಂದು ನೆಪ ಬೇಕು, ಹಾಗಾಗಿ ಒಬ್ಬನ ಕೈಗೆ ಕ್ಯಾಮೆರಾ ಕೊಟ್ಟು ಅವಳ ಹಿಂದೆ ಬಿಡ್ತಾನೆ, ಅವಳ ತಪ್ಪೆಲ್ಲ ರೆಕಾರ್ಡ್ ಆಗ್ಲಿ ಅಂತ.

ಶುರುವಲ್ಲಿ ಒಂದು ಸೀನಿದೆ, ಅದನ್ನ ಎಷ್ಟು ಸಲ ನೋಡಿದ್ರೂ ಸಾಕಾಗಲ್ಲ. ಇಬ್ಬರೂ ಹೆಂಗಸರು ಬೆಂಕಿ ಮುಂದೆ ಕೂತು ಸುಮ್ಮನೆ ಹರಟೆ ಹೊಡೀತಿದಾರೆ, ಪರದೆ ಎರಡು ಭಾಗ, ಒಂದರಲ್ಲಿ ಬಿಯಾಟ್ರಿಸ್ ಇನ್ನೊಂದರಲ್ಲಿ ಶಾರ್ಲೆಟ್. ಹಿಂದೆ ಮಾಡಿದ ಸಿನಿಮಾಗಳು, ಬಟ್ಟೆ ಬಿಚ್ಚೋ ಸೀನುಗಳು, ಕಂಬಕ್ಕೆ ಕಟ್ಟಿಸ್ಕೊಂಡು ಸುಡಿಸ್ಕೊಳ್ಳೋ ನಟನೆ ಇದ್ದಾಗ ಹೇಗನ್ಸುತ್ತೆ ಅನ್ನೋದು, ಇಂಥ ಮಾತುಗಳು. ಬಿಯಾಟ್ರಿಸ್ ಮಾತಾಡ್ತಾ ಇರೋವಾಗ ಶಾರ್ಲೆಟ್ ಮುಖ ನೋಡಿ. ಸಾಮಾನ್ಯ ಸಿನಿಮಾದಲ್ಲಿ ಅಲ್ಲಿಗೆ ಕಟ್ ಮಾಡ್ತಾರೆ, ಕೇಳಿಸ್ಕೊಳ್ಳೋರ ಮುಖ ಒಂದೆರಡು ಸೆಕೆಂಡ್ ಮಾತ್ರ ಸಿಗುತ್ತೆ, ಇಲ್ಲಿ ಅದು ಪೂರ್ತಿ ಹೊತ್ತು ಪಕ್ಕದಲ್ಲೇ ಇರುತ್ತೆ, ನಗೋಕೆ ಮುಂಚೆ ತುಟಿ ಹೇಗೆ ಅಲುಗುತ್ತೆ ಅನ್ನೋದೂ ಕಾಣುತ್ತೆ.

ಆಮೇಲೆ ಗಲಾಟೆ ಶುರು. ಪರದೆಯ ಒಂದು ಅರ್ಧದಲ್ಲಿ, ಅಂದ್ರೆ ಒಂದು ಫ್ರೇಮಲ್ಲಿ, ಬಿಯಾಟ್ರಿಸ್ ಕಿರುಚಾಡ್ಕೊಂಡು ಓಡಾಡ್ತಿದ್ರೆ ಇನ್ನೊಂದರಲ್ಲಿ ಶಾರ್ಲೆಟ್ಟನ್ನ ಒಬ್ಬೊಬ್ಬರೇ ಬಂದು ಹಿಡ್ಕೋತಾರೆ, ಒಬ್ಬ ತನ್ನ ಮುಂದಿನ ಪ್ರಾಜೆಕ್ಟಲ್ಲಿ ನಟಿಸಿ ಅಂತ ಬೆನ್ನು ಬೀಳ್ತಾನೆ, ಅಷ್ಟರಲ್ಲಿ ಮಗಳ ಫೋನ್ ಬರುತ್ತೆ, ಶಾಲೇಲಿ ಏನೋ ಆಗಿದೆ, ತಾಯಿ ಮುಖ ಬಿಳಿಚ್ಕೊಳ್ಳುತ್ತೆ, ಆದ್ರೂ ಶಾಟ್ ರೆಡಿ ಬನ್ನಿ ಅಂತ ಕರೀತಾನೇ ಇದಾರೆ. ಎರಡೂ ಕಡೆ ಒಟ್ಟಿಗೇ ಮಾತು. ಸಬ್‌ಟೈಟಲ್ ಓದೋಕೆ ಹೋದ್ರೆ ಮುಖ ತಪ್ಪುತ್ತೆ, ಒಂದು ಕಡೆ ಓದಿದ್ರೆ ಇನ್ನೊಂದು ಕಡೆಯದು ತಪ್ಪುತ್ತೆ. ಫ್ರೆಂಚ್ ಬರದ ನಮ್ಮಂಥೋರಿಗೆ ಥಿಯೇಟರಲ್ಲಿ ಅರ್ಧ ಸಿನಿಮಾ ಹಾಗೇ ಕೈ ಬಿಟ್ಟು ಹೋಗುತ್ತೆ. ಮನೇಲಾದ್ರೆ ಹಿಂದಕ್ಕೆ ಹೋಗಬಹುದು. ಒಂದು ಸಲ ಬರೀ ಎಡಗಡೆ ಫ್ರೇಮ್, ಆಮೇಲೆ ಅದೇ ಹತ್ತು ನಿಮಿಷ ಬರೀ ಬಲಗಡೆ, ಹೀಗೆ ನೋಡಿದ್ರೆ ಅದು ಗಲಾಟೆ ಅಲ್ವೇ ಅಲ್ಲ, ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದಾರೆ ಅಂತ ಗೊತ್ತಾಗುತ್ತೆ. ಒಂದು ಕಡೆ ಯಾರೋ ಯಾರನ್ನೋ ಕೂಗಿದ್ರೆ ಆ ಮನುಷ್ಯ ಇನ್ನೊಂದು ಫ್ರೇಮಿನ ಮೂಲೇಲಿ ಬೇರೆಯವರ ಜೊತೆ ಪಿಸುಗುಟ್ತಾ ನಿಂತಿರ್ತಾನೆ. ಬೆನುವಾ ಡೆಬಿ ಕ್ಯಾಮೆರಾ, ನೋಯೆಯ ಹಳೇ ಜೊತೆಗಾರ.

ಡಿಸ್ಕೇ ಬೇಕು ಅನ್ನೋಕೆ ಇನ್ನೊಂದು ಕಾರಣ ಕೊನೇ ಹತ್ತು ನಿಮಿಷ. ಮೂರು ಹೆಂಗಸರನ್ನ ಕಂಬಕ್ಕೆ ಕಟ್ಟಿದಾರೆ, ಹಿಂದಿರೋ ಎಲ್‌ಇಡಿ ಪರದೆ ಕೆಟ್ಟು ಕೆಂಪು, ಹಸಿರು, ನೀಲಿ ಪಟಪಟ ಮಿನುಗೋಕೆ ಶುರುವಾಗುತ್ತೆ, ನಿಲ್ಲೋದೇ ಇಲ್ಲ. ಸ್ಟ್ರೀಮಿಂಗಲ್ಲಿ ವಿಡಿಯೋನ ಚಿಕ್ಕದು ಮಾಡೋದು ಹಿಂದಿನ ಚಿತ್ರಕ್ಕೂ ಈ ಚಿತ್ರಕ್ಕೂ ಏನು ಬದಲಾಯ್ತೋ ಅಷ್ಟನ್ನೇ ಕಳಿಸೋ ಲೆಕ್ಕದ ಮೇಲೆ, ಇಲ್ಲಿ ಪ್ರತಿ ಕ್ಷಣಕ್ಕೂ ಇಡೀ ಚಿತ್ರಾನೇ ಬದಲಾಗುತ್ತೆ, ಹಾಗಾಗಿ ನೆಟ್ ಎಷ್ಟೇ ಚೆನ್ನಾಗಿದ್ರೂ ಚೌಕ ಚೌಕ ಒಡೆಯೋ ಸಾಧ್ಯತೆ ಜಾಸ್ತಿ. ಬ್ಲೂರೇಲಿ ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ವಿಡಿಯೋಗೆ ಜಾಗ ಇರುತ್ತೆ. ಟಿವಿಯಲ್ಲಿ ಮೋಷನ್ ಸ್ಮೂದಿಂಗ್ ಅಂತ ಇರುತ್ತಲ್ಲ, ಅದನ್ನ ಮೊದಲು ಆಫ್ ಮಾಡಿ, ಅದು ಮಧ್ಯೆ ಮಧ್ಯೆ ತಾನೇ ಹೊಸ ಚಿತ್ರ ತುಂಬಿಸಿ ಮಿಂಚನ್ನೆಲ್ಲ ಕಲಸಿಬಿಡುತ್ತೆ.

ಈಗ ದಯವಿಟ್ಟು ಇದನ್ನ ಓದಿ. ಫಿಟ್ಸ್ ಇರೋರು, ಮನೇಲಿ ಯಾರಿಗಾದ್ರೂ ಇದ್ದವರು, ಬೆಳಕು ಮಿನುಗಿದ್ರೆ ತಲೆ ಸಿಡಿಯೋರು ಆ ಭಾಗ ನೋಡಲೇಬೇಡಿ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿನುಗಿದ್ರೆ ಅಪಾಯ ಅಂತ ಟಿವಿ, ವೆಬ್‌ಸೈಟ್ ನಿಯಮಗಳೇ ಹೇಳ್ತವೆ, ಅದರಲ್ಲೂ ಗಾಢ ಕೆಂಪು ಇನ್ನೂ ಕೆಟ್ಟದ್ದು. 1997ರ ಡಿಸೆಂಬರಲ್ಲಿ ಜಪಾನಲ್ಲಿ ಪೋಕೆಮಾನ್‌ನ ಒಂದು ಎಪಿಸೋಡಲ್ಲಿ ಕೆಂಪು-ನೀಲಿ ಮಿನುಗಿ ಸುಮಾರು 685 ಜನ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದ್ರು. ಕೆಲವರಿಗೆ ತಮಗೆ ಈ ತೊಂದರೆ ಇದೆ ಅನ್ನೋದು ಮೊದಲ ಸಲ ಫಿಟ್ಸ್ ಬಂದಾಗ್ಲೇ ಗೊತ್ತಾಗೋದು, ಹಾಗಾಗಿ ಬೇರೆಯವರೂ ಲೈಟ್ ಹಾಕ್ಕೊಂಡು ದೂರ ಕೂತೇ ನೋಡಿ. ಏನೋ ಸರಿಯಿಲ್ಲ ಅನ್ಸಿದ್ರೆ ಕಣ್ಣು ಮುಚ್ಚಿದ್ರೆ ಸಾಲಲ್ಲ, ಬೆಳಕು ರೆಪ್ಪೆ ದಾಟುತ್ತೆ, ಒಂದು ಕಣ್ಣನ್ನ ಅಂಗೈಯಿಂದ ಪೂರ್ತಿ ಮುಚ್ಕೊಂಡು ಮುಖ ತಿರುಗಿಸಿ. ಥಿಯೇಟರಲ್ಲಿ ಇದ್ಯಾವುದನ್ನೂ ನೆಮ್ಮದಿಯಾಗಿ ಮಾಡೋಕಾಗಲ್ಲ.

ಈ ಮಿನುಗು ಬರೀ ಶೋಕಿಗೆ ಇಟ್ಟಿದ್ದು ಅಂತ ಬರೆದವರಿದ್ದಾರೆ, ನಾನು ಒಪ್ಪಲ್ಲ. ಸಿನಿಮಾದ ಶುರುವಲ್ಲಿ ಹಳೇ ಡ್ಯಾನಿಶ್ ಡೈರೆಕ್ಟರುಗಳ ತುಣುಕು ಬರ್ತವೆ, ಬೆಂಜಮಿನ್ ಕ್ರಿಸ್ಟೆನ್ಸನ್ 1922ರಲ್ಲಿ ಮಾಡಿದ 'ಹೆಕ್ಸಾನ್', ಕಾರ್ಲ್ ಡ್ರೇಯರ್ 1943ರಲ್ಲಿ ಮಾಡಿದ 'ಡೇ ಆಫ್ ರಾತ್'. ಡ್ರೇಯರ್ ಸಿನಿಮಾದಲ್ಲಿ ಸುಡೋಕೆ ಏಣಿಗೆ ಕಟ್ಟಿರೋ ಮುದುಕಿ ಪಾತ್ರದ ನಟಿಯನ್ನ ನಿಜವಾಗ್ಲೂ ತುಂಬ ಹೊತ್ತು ಹಾಗೇ ಬಿಟ್ಟಿದ್ರಂತೆ, ಮುಖದಲ್ಲಿರೋ ಭಯ ನಟನೆ ಅಲ್ಲ ಅಂತ ಅಲ್ಲೇ ಹೇಳ್ಬಿಡ್ತಾರೆ. ಅದನ್ನ ತಲೇಲಿಟ್ಕೊಂಡು ಕೊನೇ ಭಾಗ ನೋಡಿ. ಶಾರ್ಲೆಟ್ ಕಂಬಕ್ಕೆ ಬಿಗಿದು ನಿಂತು ನರಳ್ತಿದಾಳೆ, ಬಿಯಾಟ್ರಿಸ್ ನಿಲ್ಸಿ ನಿಲ್ಸಿ ಅಂತ ಕೂಗ್ತಿದಾಳೆ, ಕ್ಯಾಮೆರಾಮನ್ ಮಾತ್ರ ನಿಲ್ಸಲ್ಲ, ಅವನಿಗೆ ಅದು ಚೆನ್ನಾಗಿ ಬರ್ತಿದೆ. ಒಂದು ಹೆಣ್ಣಿನ ಸಂಕಟ ಚೆಂದದ ಶಾಟ್ ಆಗ್ತಿರೋವಾಗ ಅದನ್ನ ನಿಲ್ಸೋ ಅಧಿಕಾರ ಆ ಸೆಟ್ಟಿನ ಡೈರೆಕ್ಟರಿಗೂ ಇಲ್ಲ. ನೋಯೆ ತಾನೂ ಅದೇ ಶಾಟ್ ತೆಗೀತಿದಾರಲ್ವಾ ಅನ್ನೋ ಪ್ರಶ್ನೆ ನನ್ನನ್ನ ಬಿಟ್ಟಿಲ್ಲ, ಅದಕ್ಕೇ ಈ ಸಿನಿಮಾ ಮೇಲೆ ಗೌರವ ಇದ್ರೂ ಪೂರ್ತಿ ನೆಮ್ಮದಿ ಇಲ್ಲ.

ತರಿಸ್ಕೊಳ್ಳೋರಿಗೆ: ಬ್ರಿಟನ್ನಲ್ಲಿ ಆ್ಯರೋ, ಅಮೆರಿಕದಲ್ಲಿ ಯೆಲ್ಲೋ ವೇಲ್ ಅನ್ನೋ ಕಂಪನಿಗಳು ಡಿಸ್ಕ್ ಬಿಡುಗಡೆ ಮಾಡಿದಾವೆ. ಬ್ಲೂರೇಗೆ ದೇಶಗಳನ್ನ ರೀಜನ್ ಅಂತ ಹಂಚಿದಾರೆ: ಅಮೆರಿಕ ರೀಜನ್ ಎ, ಬ್ರಿಟನ್ ರೀಜನ್ ಬಿ, ಇಂಡಿಯಾ ರೀಜನ್ ಸಿ. ಡಿಸ್ಕ್ ತನ್ನ ರೀಜನ್ನಿಗೇ ಲಾಕ್ ಆಗಿದ್ರೆ ಇಲ್ಲಿ ತಗೊಂಡ ಪ್ಲೇಯರಲ್ಲಿ ಓಡಲ್ಲ, ಹಾಗಾಗಿ ಆರ್ಡರ್ ಹಾಕೋ ಮುಂಚೆ ಅಂಗಡಿಯವರನ್ನ ಕೇಳಿ, ಇಲ್ಲ ಎಲ್ಲ ರೀಜನ್ನೂ ಓಡಿಸೋ ಪ್ಲೇಯರ್ ಇರೋ ಸ್ನೇಹಿತರನ್ನ ಹುಡುಕಿ.